ನಂಜನಗೂಡಿನ ತಿರುಮಲಾಂಬ: 14ಕ್ಕೆ ವಿಧವೆ, 26ಕ್ಕೆ ಪ್ರಕಾಶಕಿ, ನಮ್ಮದೇ ಜಿಲ್ಲೆಯವರು, ನಮಗೇ ಗೊತ್ತಿಲ್ಲ

ರಾವಂದೂರು: ನಂಜನಗೂಡು ಅಂದ ತಕ್ಷಣ ನಮ್ಮ ಕಡೆ ಜನಕ್ಕೆ ನೆನಪಾಗೋದು ಶ್ರೀಕಂಠೇಶ್ವರ, ಕಪಿಲಾ ನದಿ, ರಸಬಾಳೆ. ಸ್ವಲ್ಪ ವಯಸ್ಸಾದವರನ್ನ ಕೇಳಿದ್ರೆ ನಂಜನಗೂಡು ಹಲ್ಲುಪುಡಿ ಅಂತಾರೆ. ಆ ಹಲ್ಲುಪುಡಿ ಮಾಡಿದ ಬಿ.ವಿ. ಪಂಡಿತರ ಸದ್ವೈದ್ಯಶಾಲೆ ಶುರುವಾಗಿದ್ದು 1913ರಲ್ಲಿ. ಅದೇ ಊರಲ್ಲಿ, ಅದೇ 1913ರಲ್ಲಿ ಇನ್ನೊಂದು ಕೆಲಸವೂ ಶುರುವಾಯಿತು. 26 ವರ್ಷದ ಒಬ್ಬ ವಿಧವೆ ತಾನು ಬರೆದ ಕಾದಂಬರಿಯನ್ನು ತಾನೇ ಅಚ್ಚು ಹಾಕಿಸಿ, ತನ್ನದೇ ಒಂದು ಗ್ರಂಥಮಾಲೆಯ ಹೆಸರಲ್ಲಿ ಮಾರಾಟಕ್ಕೆ ಬಿಟ್ಟರು. ಹಲ್ಲುಪುಡಿ ಡಬ್ಬಿ ರಾಜ್ಯದ ಮೂಲೆ ಮೂಲೆಗೂ ಹೋಯ್ತು. ಪುಸ್ತಕಗಳೂ ಆ ಕಾಲಕ್ಕೆ ದೂರ ದೂರ ಹೋದವು. ಆದರೆ ಇವತ್ತು ಹಲ್ಲುಪುಡಿ ಹೆಸರು ಉಳಿದಿದೆ, ಆ ಹೆಣ್ಣುಮಗಳ ಹೆಸರು ಸ್ಪರ್ಧಾತ್ಮಕ ಪರೀಕ್ಷೆಯ ಗೈಡಿನ ಒಂದು ಸಾಲಿನಲ್ಲಿ ಮಾತ್ರ ಇದೆ: ‘ಹೊಸಗನ್ನಡದ ಮೊದಲ ಪತ್ರಕರ್ತೆ ಯಾರು? ಉತ್ತರ: ನಂಜನಗೂಡು ತಿರುಮಲಾಂಬ.’

ಪಿಡಿಒ, ಎಫ್‌ಡಿಎ, ಟಿಇಟಿ ಅಂತ ಓದ್ತಿರೋ ನಮ್ಮ ಹೋಬಳಿಯ ಹುಡುಗ ಹುಡುಗಿಯರು ಈ ಉತ್ತರವನ್ನ ನಿದ್ದೆಗಣ್ಣಲ್ಲೂ ಹೇಳ್ತಾರೆ. ಮುಂದಿನ ಪ್ರಶ್ನೆ ಕೇಳಿದ್ರೆ, ಅಂದರೆ ಏನು ಬರೆದರು, ಹೇಗೆ ಬರೆದರು, ಯಾಕೆ ನಿಲ್ಲಿಸಿದರು ಅಂದ್ರೆ, ಸುಮ್ಮನಾಗ್ತಾರೆ. ಅದಕ್ಕೇ ಈ ಲೇಖನ.

ಇಬ್ಬರು ತಿರುಮಲಾಂಬೆಯರು, ಗೊಂದಲ ಬೇಡ

ಮೊದಲೇ ಒಂದು ವಿಷಯ. ಇತಿಹಾಸದಲ್ಲಿ ತಿರುಮಲಾಂಬ ಅನ್ನೋ ಹೆಸರಿನ ಇನ್ನೊಬ್ಬ ಕವಯಿತ್ರಿ ಇದ್ದಾರೆ. ಅವರು 16ನೇ ಶತಮಾನದವರು, ವಿಜಯನಗರದ ಅಚ್ಯುತದೇವರಾಯನ ಕಾಲದವರು, ಬರೆದದ್ದು ಸಂಸ್ಕೃತದಲ್ಲಿ. ‘ವರದಾಂಬಿಕಾ ಪರಿಣಯ ಚಂಪೂ’ ಅವರದ್ದು. ಮೊಬೈಲಲ್ಲಿ ಹುಡುಕಿದ್ರೆ ಇಬ್ಬರೂ ಒಟ್ಟಿಗೆ ಬರ್ತಾರೆ, ಕೆಲವು ನೋಟ್ಸ್‌ಗಳಲ್ಲಂತೂ ಇಬ್ಬರನ್ನೂ ಒಬ್ಬರನ್ನಾಗಿ ಮಾಡಿಬಿಟ್ಟಿದ್ದಾರೆ. ನಾವು ಮಾತಾಡ್ತಿರೋದು ನಂಜನಗೂಡಿನವರ ಬಗ್ಗೆ. ಹುಟ್ಟಿದ್ದು 1887ರ ಮಾರ್ಚ್ 25. ತೀರಿಕೊಂಡಿದ್ದು 1982ರಲ್ಲಿ. ಹೌದು, 1982. ನಮ್ಮ ಅಪ್ಪ ಅಮ್ಮಂದಿರು ಸ್ಕೂಲಿಗೆ ಹೋಗ್ತಿದ್ದ ಕಾಲದವರೆಗೂ ಅವರು ಬದುಕಿದ್ದರು.

ತಂದೆ ವೆಂಕಟಕೃಷ್ಣ ಅಯ್ಯಂಗಾರ್, ನಂಜನಗೂಡಿನಲ್ಲಿ ವಕೀಲರು. ತಾಯಿ ಅಲಮೇಲಮ್ಮ. ಸಂಪ್ರದಾಯಸ್ಥ ಶ್ರೀವೈಷ್ಣವ ಮನೆತನ. ಹತ್ತನೇ ವರ್ಷಕ್ಕೆ ಮದುವೆ, ಅಂದರೆ 1897ರ ಸುಮಾರಿಗೆ. ಹದಿನಾಲ್ಕಕ್ಕೆ ಗಂಡ ಪ್ಲೇಗಿಗೆ ಬಲಿ. ಆಗ ಮೈಸೂರು ಸೀಮೆಗೆ ಪ್ಲೇಗು ಕಾಲಿಟ್ಟು ಮೂರು ನಾಲ್ಕು ವರ್ಷ ಆಗಿತ್ತು. 1898ರಲ್ಲಿ ಬೆಂಗಳೂರಿಗೆ ಬಂದ ಕಾಯಿಲೆ ರೈಲು ಹಿಡಿದು ಊರೂರಿಗೆ ಹೋಯಿತು. ಮೈಸೂರು–ನಂಜನಗೂಡು ರೈಲು 1891ರಲ್ಲೇ ಬಂದಿತ್ತು. ಇಲಿ ಬಿದ್ದರೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು ಅಂತ ನಮ್ಮ ಹಳ್ಳಿಗಳ ಅಜ್ಜಿಯರು ಅವರ ಅಜ್ಜಿಯರಿಂದ ಕೇಳಿದ್ದನ್ನ ಈಗಲೂ ಹೇಳ್ತಾರೆ. ‘ಪ್ಲೇಗಮ್ಮ’ನ ಗುಡಿಗಳು ಈ ಸೀಮೆಯಲ್ಲಿ ಇರೋದು ಸುಮ್ಮನೆ ಅಲ್ಲ.

ಹತ್ತು ವರ್ಷಕ್ಕೆ ಮದುವೆ, ಕಾನೂನು ಇರಲಿಲ್ವಾ?

ಇತ್ತು. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಮೈಸೂರು ಸಂಸ್ಥಾನ 1894ರಲ್ಲೇ ಶಿಶುವಿವಾಹ ತಡೆ ಕಾಯ್ದೆ ತಂದಿತ್ತು. ಇಂಡಿಯಾದಲ್ಲಿ ಇಂಥ ಕಾನೂನು ತಂದ ಮೊದಲಿಗರಲ್ಲಿ ಮೈಸೂರು ಒಂದು. ಚಾಮರಾಜೇಂದ್ರ ಒಡೆಯರ್ ಮಹಾರಾಜರು, ಕೆ. ಶೇಷಾದ್ರಿ ಅಯ್ಯರ್ ದಿವಾನರು. ಆದರೆ ಆ ಕಾನೂನು ಹೇಳಿದ್ದು ಏನು? ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಗೆ ಮದುವೆ ಮಾಡುವಂತಿಲ್ಲ. ಐವತ್ತು ದಾಟಿದ ಗಂಡಸು ಹದಿನಾಲ್ಕಕ್ಕಿಂತ ಚಿಕ್ಕ ಹುಡುಗಿಯನ್ನು ಮದುವೆ ಆಗುವಂತಿಲ್ಲ. ಅಷ್ಟೇ.

ಅಂದರೆ ಹತ್ತು ವರ್ಷದ ತಿರುಮಲಾಂಬಾಗೆ ಆದ ಮದುವೆ ಕಾನೂನು ಪ್ರಕಾರ ಸರಿಯಾಗಿಯೇ ಇತ್ತು! ಕಾನೂನಿನ ಗೆರೆ ಎಂಟಕ್ಕೆ ಇತ್ತು, ಈಕೆಗೆ ಹತ್ತು. ಆ ಗೆರೆ ಹದಿನೆಂಟಕ್ಕೆ ಬರೋದಕ್ಕೆ 1978ರವರೆಗೆ ಕಾಯಬೇಕಾಯಿತು.

ಇನ್ನೊಂದು ವಿಚಿತ್ರ ನೋಡಿ. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತಾದಲ್ಲಿ ತೀರಿಕೊಂಡರು. ಮಗ ಕೃಷ್ಣರಾಜರು ಚಿಕ್ಕವರು. ಹಾಗಾಗಿ 1902ರವರೆಗೆ ಸಂಸ್ಥಾನ ನೋಡಿಕೊಂಡವರು ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ, ವಾಣಿವಿಲಾಸ ಸನ್ನಿಧಾನ. ಅವರೂ ವಿಧವೆಯೇ. ತಿರುಮಲಾಂಬ ಗಂಡನನ್ನು ಕಳೆದುಕೊಂಡ ಹೊತ್ತಿನಲ್ಲಿ ಇಡೀ ಮೈಸೂರನ್ನು ಆಳುತ್ತಿದ್ದದ್ದು ಒಬ್ಬ ವಿಧವೆ. ಅದೇ ರಾಜ್ಯದಲ್ಲಿ ಬ್ರಾಹ್ಮಣರ ಮನೆಯ ವಿಧವೆಗೆ ಇದ್ದ ಕಟ್ಟಳೆ: ತಲೆ ಬೋಳಿಸಬೇಕು, ಒಂದು ಹೊತ್ತು ಊಟ, ಶುಭ ಕಾರ್ಯಕ್ಕೆ ಎದುರು ಬರಬಾರದು, ಮನೆಯ ಹಿಂದಿನ ಕೋಣೆ. ಅರಮನೆಯಲ್ಲಿ ಒಂದು ನ್ಯಾಯ, ಅಗ್ರಹಾರದಲ್ಲಿ ಒಂದು ನ್ಯಾಯ.

ತಂದೆ ಮಾಡಿದ ಕೆಲಸ

ಸುದ್ದಿ ಬರೆಯೋಕೆ ಶುರು ಮಾಡಿದ ಮೇಲೆ ನನಗೆ ಅರ್ಥ ಆಗಿರೋದು ಒಂದು. ಹೆಣ್ಣುಮಕ್ಕಳ ಸಾಧನೆ ಅಂತ ಬರೆಯುವಾಗ ‘ತಂದೆಯ ಪ್ರೋತ್ಸಾಹದಿಂದ’ ಅಂತ ಒಂದು ಸಾಲು ಹಾಕಿ ಮುಂದೆ ಹೋಗಿಬಿಡ್ತೀವಿ. ಇಲ್ಲಿ ಆ ಸಾಲಿನ ಮೇಲೆ ಸ್ವಲ್ಪ ನಿಲ್ಲಬೇಕು. ಆ ಕಾಲಕ್ಕೆ ಹೆಣ್ಣುಮಕ್ಕಳಿಗೆ ಶಾಲೆ ಇರಲಿಲ್ಲ ಅಂತಲ್ಲ. ಅಂಬಳೆ ನರಸಿಂಹ ಅಯ್ಯಂಗಾರರು ಮೈಸೂರಿನಲ್ಲಿ 1881ರಲ್ಲೇ ಹೆಣ್ಣುಮಕ್ಕಳ ಶಾಲೆ ಶುರು ಮಾಡಿದ್ದರು. ಈಗಿನ ಮಹಾರಾಣಿ ಕಾಲೇಜಿನ ಬೇರು ಅದೇ. ನಂಜನಗೂಡಿನಿಂದ 25 ಕಿಲೋಮೀಟರ್ ಅಷ್ಟೇ. ಆದರೆ 14 ವರ್ಷದ ವಿಧವೆಯನ್ನ ರೈಲು ಹತ್ತಿಸಿ ಶಾಲೆಗೆ ಕಳಿಸೋದು ಅಂದ್ರೆ ಇಡೀ ಊರನ್ನ ಎದುರು ಹಾಕಿಕೊಳ್ಳೋದು.

ವೆಂಕಟಕೃಷ್ಣ ಅಯ್ಯಂಗಾರರು ಮಗಳನ್ನ ಮನೆಯಲ್ಲೇ ಓದಿಸಿದರು. ಕನ್ನಡದ ಜೊತೆಗೆ ತಮಿಳು, ತೆಲುಗು ಕಲಿತರು. ಪುಸ್ತಕ ತರಿಸಿಕೊಟ್ಟರು. 1901ರ ಜನಗಣತಿಯಲ್ಲಿ ಇಡೀ ಇಂಡಿಯಾದಲ್ಲಿ ಓದು ಬರಹ ಬಲ್ಲ ಹೆಂಗಸರು ನೂರಕ್ಕೆ ಒಬ್ಬರಿಗಿಂತ ಕಡಿಮೆ ಇದ್ದರು ಅನ್ನೋದನ್ನ ಪಕ್ಕದಲ್ಲಿ ಇಟ್ಟುಕೊಂಡು ಇದನ್ನ ಓದಿ. ಮೂರು ಭಾಷೆ ಬಲ್ಲ ಒಬ್ಬ ಹುಡುಗಿ, ಹೊರಗೆ ಹೋಗೋ ಹಾಗಿಲ್ಲ, ಮುಂದೆ ಬದುಕಬೇಕಾದ ವರ್ಷಗಳು ಎಂಬತ್ತು!

ಡಿಗ್ರಿ ಅರ್ಧಕ್ಕೆ ಬಿಟ್ಟ ನನ್ನಂಥವರಿಗೆ ಇದು ಸ್ವಲ್ಪ ಚುಚ್ಚುತ್ತೆ ಕೂಡ. ಮನೇಲೇ ಕೂತು ಓದಿದವರು ಕಾದಂಬರಿ ಬರೆದರು, ನಾಟಕ ಬರೆದರು, ಪತ್ರಿಕೆ ನಡೆಸಿದರು. ಇರಲಿ, ವಿಷಯಕ್ಕೆ ಬರೋಣ.

ಅವರು ಮೊದಲು ಬರೆದದ್ದು ಹಾಡು, ಪದ್ಯ. ಇದಕ್ಕೊಂದು ಕಾರಣ ಇದೆ. ಕನ್ನಡದ ಹೆಣ್ಣುಮಕ್ಕಳಿಗೆ ಹಾಡು ಕಟ್ಟೋದು ಹಳೇ ದಾರಿ. ನಮ್ಮದೇ ಮೈಸೂರು ಅರಸ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 17ನೇ ಶತಮಾನದಲ್ಲಿ, ಯಳಂದೂರಿನ ಸಂಚಿ ಹೊನ್ನಮ್ಮ ಇದ್ದರು. ಅರಮನೆಯಲ್ಲಿ ಎಲೆ ಅಡಿಕೆ ಸಂಚಿ ಹಿಡಿಯುವ ಕೆಲಸ, ಬರೆದದ್ದು ‘ಹದಿಬದೆಯ ಧರ್ಮ’ ಅನ್ನೋ ಸಾಂಗತ್ಯ ಕಾವ್ಯ. 19ನೇ ಶತಮಾನದಲ್ಲಿ ಹರಪನಹಳ್ಳಿ ಭೀಮವ್ವ ‘ಭೀಮೇಶಕೃಷ್ಣ’ ಅನ್ನೋ ಅಂಕಿತದಲ್ಲಿ ನೂರಾರು ಹಾಡು ಕಟ್ಟಿದರು. ಈ ಹಾಡುಗಳು ಅಚ್ಚಾಗುವ ಮುಂಚೆ ಬಾಯಿಂದ ಬಾಯಿಗೆ ಹೋದವು. ಹಬ್ಬ, ಆರತಿ, ಹಸೆ, ಒಸಗೆ ಅಂತ ಹೆಂಗಸರು ಸೇರಿದ ಕಡೆ ಹಾಡಿಕೊಂಡರು. ಬರೆಯೋಕೆ ಬಾರದಿದ್ದರೂ ಕವಿ ಆಗಬಹುದಿತ್ತು. ಸಂಜೆ ಹೊತ್ತು ಮನೆಗೆ ಬರುತ್ತಿದ್ದ ನೆರೆಹೊರೆಯ ಹೆಂಗಸರ ಮಧ್ಯೆ ತಿರುಮಲಾಂಬ ಕೂಡ ಇದೇ ದಾರಿಯಲ್ಲಿ ಶುರು ಮಾಡಿದರು. ಮುಂದೆ ಮನೆಯಲ್ಲೇ ‘ಮಾತೃಮಂದಿರ’ ಅಂತ ಹೆಣ್ಣುಮಕ್ಕಳಿಗೆ ಪಾಠ ಹೇಳಿಕೊಡುವ ಶಾಲೆಯನ್ನೂ ನಡೆಸಿದರು.

ನಾಟಕ ಬರೆಯೋದು, ನಾಟಕ ನೋಡೋದು

ಹಾಡಿನಿಂದ ನಾಟಕಕ್ಕೆ ಒಂದೇ ಹೆಜ್ಜೆ, ಯಾಕಂದ್ರೆ ಆಗಿನ ನಾಟಕ ಅಂದ್ರೆ ಅರ್ಧಕ್ಕರ್ಧ ಹಾಡೇ. 1880ರ ದಶಕದಲ್ಲಿ ಮೈಸೂರು ಅರಮನೆ ನಾಟಕ ಕಂಪನಿ ಶುರುವಾಗಿತ್ತು. 1884ರಲ್ಲಿ ಗುಬ್ಬಿ ಕಂಪನಿ ಬಂತು. ವರದಾಚಾರ್ಯರ ಹಾಡು ಕೇಳೋಕೆ ಜನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಆದರೆ ರಂಗದ ಮೇಲೆ ಸೀತೆ, ದ್ರೌಪದಿ, ಶಕುಂತಳೆ ಎಲ್ಲಾ ಗಂಡಸರೇ. ಮರ್ಯಾದಸ್ಥ ಮನೆಯ ಹೆಂಗಸು ವೇಷ ಹಾಕೋದಿರಲಿ, ನೋಡೋಕೆ ಹೋಗೋದೇ ಮಾತಾಗುತ್ತಿತ್ತು. ವಿಧವೆ ಅಂತೂ ಕೇಳೋದೇ ಬೇಡ.

ಅಂಥ ಕಾಲದಲ್ಲಿ ಒಬ್ಬ ವಿಧವೆ ನಾಟಕ ಬರೆದರು ಅಂದರೆ ಅದು ಯಾರಿಗೆ? ನನ್ನ ಪ್ರಕಾರ ಓದುವವರಿಗೆ. ಮನೆಯಲ್ಲಿ ನಾಲ್ಕು ಜನ ಕೂತು ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿ, ಹಾಡು ಬಂದಾಗ ಎಲ್ಲರೂ ದನಿ ಸೇರಿಸುವ ನಾಟಕ. ರಂಗಕ್ಕೆ ಹೋಗಲಾಗದವರು ರಂಗವನ್ನೇ ಹಜಾರಕ್ಕೆ ತಂದುಕೊಂಡ ಹಾಗೆ.

ಈಗಲೂ ನಮ್ಮ ಹೋಬಳಿ ಕಡೆ ಹಬ್ಬಕ್ಕೆ, ಜಾತ್ರೆಗೆ ‘ಕುರುಕ್ಷೇತ್ರ’ ಆಡ್ತಾರಲ್ಲ, ಗಮನಿಸಿ. ಊರಿನ ಗಂಡಸರು ದುರ್ಯೋಧನ, ಭೀಮ, ಕೃಷ್ಣನ ಪಾತ್ರ ಹಾಕ್ತಾರೆ. ಪಾತ್ರಕ್ಕೆ ಇಷ್ಟು ಅಂತ ದುಡ್ಡು ಕಟ್ಟಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಕಲೀತಾರೆ. ದ್ರೌಪದಿ, ಕುಂತಿ, ಉತ್ತರೆಗೆ ಮಾತ್ರ ಹೊರಗಿನಿಂದ ಕಲಾವಿದೆಯರು ಬರಬೇಕು. ಊರಿನ ಹೆಣ್ಣುಮಗಳು ಬಣ್ಣ ಹಚ್ಚೋದು ಇವತ್ತಿಗೂ ಅಪರೂಪ. ತಿರುಮಲಾಂಬ ಬರೆದು ನೂರು ವರ್ಷದ ಮೇಲಾಯ್ತು.

‘ಸತಿಹಿತೈಷಿಣಿ’: ಹೆಸರು ನೋಡಿ ಹೆದರಬೇಡಿ

1913ರಲ್ಲಿ ಅವರು ಶುರು ಮಾಡಿದ ಪ್ರಕಾಶನದ ಹೆಸರು ‘ಸತಿಹಿತೈಷಿಣಿ ಗ್ರಂಥಮಾಲೆ’. ಸತಿ ಅಂದ ತಕ್ಷಣ ಚಿತೆ ಏರೋ ಸತಿಪದ್ಧತಿ ನೆನಪಾಗಬಹುದು. ಅದಲ್ಲ. ಇಲ್ಲಿ ಸತಿ ಅಂದರೆ ಗೃಹಿಣಿ, ಸದ್ಗುಣಿ ಹೆಣ್ಣು. ಹಿತೈಷಿಣಿ ಅಂದರೆ ಹಿತ ಬಯಸುವವಳು. ಮದುವೆಯಾಗಿ ಸಂಸಾರ ಮಾಡಿಕೊಂಡಿರುವ ಹೆಂಗಸರ ಹಿತ ಬಯಸುವ ಪುಸ್ತಕಮಾಲೆ ಅಂತ ಅರ್ಥ. ಸಂಸಾರವೇ ಇಲ್ಲದ ಹಾಗೆ ಆದವರು ಆ ಹೆಸರಿಟ್ಟರು ಅನ್ನೋದನ್ನ ನಾನಂತೂ ಸುಲಭವಾಗಿ ದಾಟಿ ಹೋಗೋಕೆ ಆಗ್ಲಿಲ್ಲ.

ಮೊದಲ ಪುಸ್ತಕ ‘ಸುಶೀಲೆ’, ಕಾದಂಬರಿ. ಜನ ಇಷ್ಟಪಟ್ಟರು, ಮತ್ತೆ ಮತ್ತೆ ಅಚ್ಚಾಯಿತು. ಆಮೇಲೆ ‘ನಭಾ’, ‘ವಿರಾಗಿಣಿ’, ‘ದಕ್ಷಕನ್ಯೆ’, ‘ಮಾತೃನಂದಿನಿ’ ಹೀಗೆ ಸಾಲು ಸಾಲು. ಇದರಲ್ಲಿ ‘ದಕ್ಷಕನ್ಯೆ’ ಪತ್ತೇದಾರಿ ಕಾದಂಬರಿ. ಕನ್ನಡದಲ್ಲಿ ಪತ್ತೇದಾರಿ ಅಂದ್ರೆ ನಮಗೆ ಎನ್. ನರಸಿಂಹಯ್ಯ ಗೊತ್ತು. ಅದಕ್ಕಿಂತ ಎಷ್ಟೋ ಮುಂಚೆ ನಂಜನಗೂಡಿನ ಒಬ್ಬ ವಿಧವೆ ಪತ್ತೇದಾರಿ ಬರೆದರು ಅಂದ್ರೆ ನಂಬೋದು ಕಷ್ಟ. ಮನೆಯೊಳಗೆ ಕೂತವರಿಗೆ ಮನೆಯೊಳಗಿನ ಗುಟ್ಟುಗಳೇ ಜಾಸ್ತಿ ಗೊತ್ತಿರುತ್ತವೋ ಏನೋ.

ಗ್ರಂಥಮಾಲೆ ಅಂದರೆ ಏನು ಅಂತ ಈಗಿನವರಿಗೆ ಬಿಡಿಸಿ ಹೇಳಬೇಕು. ಆಗ ಪುಸ್ತಕದ ಅಂಗಡಿ ಇದ್ದದ್ದು ಮೈಸೂರು, ಬೆಂಗಳೂರು, ಧಾರವಾಡದಂಥ ಕಡೆ, ಅದೂ ಬೆರಳೆಣಿಕೆ. ಹಾಗಾಗಿ ಬರೆಯುವವರು ಒಂದು ಮಾಲೆ ಅಂತ ಹೆಸರಿಟ್ಟು, ಚಂದಾದಾರರನ್ನ ಮಾಡಿಕೊಂಡು, ಪುಸ್ತಕ ಅಚ್ಚಾದ ಹಾಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ವಿ.ಪಿ. ಅಂಚೆಯಲ್ಲಿ ಕಳಿಸಿದ್ರೆ ಪೋಸ್ಟ್‌ಮ್ಯಾನ್ ಪುಸ್ತಕ ಕೊಟ್ಟು ದುಡ್ಡು ಇಸ್ಕೊಂಡು ಬರುತ್ತಿದ್ದ. ಈಗಿನ ಕ್ಯಾಶ್ ಆನ್ ಡೆಲಿವರಿ ಅನ್ಕೊಳ್ಳಿ. ಉತ್ತರ ಕರ್ನಾಟಕದಲ್ಲಿ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದ ಕತೆ ಎಲ್ಲರಿಗೂ ಗೊತ್ತು. ಗಂಡಸಿಗೆ ಆ ದಾರಿ ಇತ್ತು. ವಿಧವೆ ಗಂಟು ಹೊತ್ತು ತಿರುಗೋ ಹಾಗಿರಲಿಲ್ಲ. ಆದರೆ ಅಂಚೆ ಚೀಲಕ್ಕೆ ಮಡಿ ಮೈಲಿಗೆ ಇರಲಿಲ್ಲ. ಹೊಸ್ತಿಲು ದಾಟದ ಹೆಂಗಸಿನ ಬರಹ ಇನ್ನೊಬ್ಬ ಹೊಸ್ತಿಲು ದಾಟದ ಹೆಂಗಸಿನ ಕೈಗೆ ಹೋಗಿ ಸೇರೋಕೆ ಅದೊಂದೇ ದಾರಿ ಇದ್ದದ್ದು.

1916–17ರ ಹೊತ್ತಿಗೆ ‘ಕರ್ನಾಟಕ ನಂದಿನಿ’ ಅನ್ನೋ ಮಾಸಪತ್ರಿಕೆ ತಂದರು. ಹೆಣ್ಣುಮಕ್ಕಳಿಗಾಗಿ ಹೆಣ್ಣುಮಗಳೇ ಸಂಪಾದಿಸಿದ ಪತ್ರಿಕೆ. ‘ಮೊದಲ ಪತ್ರಕರ್ತೆ’ ಅನ್ನೋ ಉತ್ತರ ಬಂದಿದ್ದು ಇಲ್ಲಿಂದ. ಅದಾದ ಸ್ವಲ್ಪ ಕಾಲಕ್ಕೆ ಆರ್. ಕಲ್ಯಾಣಮ್ಮ ‘ಸರಸ್ವತಿ’ ಪತ್ರಿಕೆ ಶುರು ಮಾಡಿ ದಶಕಗಳ ಕಾಲ ನಡೆಸಿದರು. ಕಲ್ಯಾಣಮ್ಮನವರೂ ಬಾಲವಿಧವೆಯೇ. ಕನ್ನಡದ ಮೊದಲ ಹೆಂಗಸರ ಪತ್ರಿಕೆಗಳನ್ನ ಕಟ್ಟಿದ ಈ ಇಬ್ಬರಿಗೂ ಒಂದೇ ಗತಿ ಆಗಿತ್ತು ಅನ್ನೋದು ಕಾಕತಾಳೀಯ ಅಂತ ನನಗೆ ಅನ್ನಿಸಲ್ಲ. ಗಂಡ, ಮಕ್ಕಳು, ಅತ್ತೆ ಮನೆಯ ಒಲೆ ಇದ್ದವರಿಗೆ ಪ್ರೂಫ್ ತಿದ್ದೋಕೆ ಪುರುಸೊತ್ತು ಎಲ್ಲಿತ್ತು? ಸಮಾಜ ಮೂಲೆಗೆ ಕೂರಿಸಿತು. ಆ ಮೂಲೆಯಲ್ಲಿ ಸಮಯ ಇತ್ತು, ದೀಪ ಇತ್ತು, ಕಾಗದ ಇತ್ತು.

ಪರೀಕ್ಷೆಗೆ ಓದುವವರಿಗೆ ಇನ್ನೊಂದು ಮಾತು. ‘ಕನ್ನಡದ ಮೊದಲ ಕಾದಂಬರಿಗಾರ್ತಿ’ ಅಂತಲೂ ಕೆಲವು ಕಡೆ ಇವರನ್ನ ಹಾಕಿರ್ತಾರೆ. ಆದರೆ 1908ರಲ್ಲೇ ಶಾಂತಾಬಾಯಿ ನೀಲಗಾರ ಅವರ ‘ಸದ್ಗುಣಿ ಕೃಷ್ಣಾಬಾಯಿ’ ಬಂದಿತ್ತು. ಹಾಗಾಗಿ ಆಯ್ಕೆಗಳನ್ನ ನೋಡಿಕೊಂಡು ಉತ್ತರ ಬರೆಯಿರಿ. ಬರೆದು, ಪ್ರಕಟಿಸಿ, ಪತ್ರಿಕೆಯನ್ನೂ ನಡೆಸಿ, ಬರವಣಿಗೆಯನ್ನೇ ಬದುಕಾಗಿ ಮಾಡಿಕೊಂಡ ಹೊಸಗನ್ನಡದ ಮೊದಲ ಹೆಣ್ಣುಮಗಳು ಅಂದ್ರೆ ತಿರುಮಲಾಂಬ, ಅದರಲ್ಲಿ ತಕರಾರಿಲ್ಲ.

ಹಾಗಾದ್ರೆ ಅವರು ಕ್ರಾಂತಿಕಾರಿಯಾ?

ಇಲ್ಲಿ ಜಾಸ್ತಿ ಹೊಗಳೋಕೆ ಹೋಗಬಾರದು. ಈಗ ನಾವು ಬಯಸುವ ಥರದ ಬಂಡಾಯ ಅವರ ಬರಹದಲ್ಲಿ ಹುಡುಕಿದ್ರೆ ನಿರಾಸೆ ಆಗುತ್ತೆ. ಪತಿವ್ರತಾ ಧರ್ಮ, ತಾಳ್ಮೆ, ಸಹನೆ, ದೈವಭಕ್ತಿ ಇದೇ ಅವರ ಆದರ್ಶ. ಭಾಷೆ ಸಂಸ್ಕೃತ ತುಂಬಿದ ಗ್ರಾಂಥಿಕ. ಉಪದೇಶ ಜಾಸ್ತಿ. ಹೆಣ್ಣು ಓದಬೇಕು ಅಂತ ಗಟ್ಟಿಯಾಗಿ ಹೇಳ್ತಾರೆ, ಯಾಕೆ ಓದಬೇಕು ಅಂದ್ರೆ ಒಳ್ಳೆ ಹೆಂಡತಿ, ಒಳ್ಳೆ ತಾಯಿ ಆಗೋಕೆ ಅಂತಾರೆ.

ಆದರೂ ಒಂದು ಯೋಚನೆ ಮಾಡಿ. ‘ಓದಿದ ಹೆಣ್ಣು ಕೆಡ್ತಾಳೆ, ವಿಧವೆ ಆಗ್ತಾಳೆ’ ಅಂತ ಜನ ನಿಜವಾಗಿಯೂ ನಂಬಿದ್ದ ಕಾಲ. ಅಂಥ ಕಾಲದಲ್ಲಿ ಅತ್ತೆ ಮಾವಂದಿರು ಸೊಸೆಯ ಕೈಗೆ ಒಂದು ಪುಸ್ತಕ ಕೊಡಬೇಕು ಅಂದ್ರೆ ಅದರ ಮೇಲೆ ‘ಸತಿಹಿತೈಷಿಣಿ’ ಅಂತಲೇ ಬರೆದಿರಬೇಕಿತ್ತು. ಹೆಸರು ನೋಡಿ ಮನೆಯವರು ಒಳಗೆ ಬಿಟ್ಟರು. ಒಳಗೆ ಹೋದ ಮೇಲೆ ಅದು ಪುಸ್ತಕ, ಓದುವ ಚಟ ಹತ್ತಿಸುವ ಪುಸ್ತಕ. ಇದು ಅವರ ಜಾಣತನವೋ ನಂಬಿಕೆಯೋ ಅಂತ ವಾದ ಮಾಡುವವರು ಮಾಡಲಿ. ಎರಡೂ ಇರಬಹುದು.

ಒಂದು ವಿಮರ್ಶೆ, ದೀರ್ಘ ಮೌನ

‘ಮಾತೃನಂದಿನಿ’ ಕಾದಂಬರಿ ಬಂದಾಗ ಅದಕ್ಕೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ ವಿಮರ್ಶೆ ಬರೆದರು. ವಿಮರ್ಶೆ ಕಟುವಾಗಿತ್ತು. ಅದರಿಂದ ನೊಂದ ತಿರುಮಲಾಂಬ ಬರೆಯುವುದರಿಂದಲೇ ಹಿಂದೆ ಸರಿದರು ಅಂತ ಅವರ ಬದುಕನ್ನ ಬರೆದವರು ದಾಖಲಿಸಿದ್ದಾರೆ.

ಮಾಸ್ತಿ ಬಗ್ಗೆ ಹೇಳಬೇಕಾಗಿಲ್ಲ. ಕನ್ನಡದ ಆಸ್ತಿ, ‘ಚಿಕ್ಕವೀರ ರಾಜೇಂದ್ರ’ಕ್ಕೆ ಜ್ಞಾನಪೀಠ. ತಿರುಮಲಾಂಬ ಅವರಿಗಿಂತ ನಾಲ್ಕು ವರ್ಷ ಚಿಕ್ಕವರು, ಹುಟ್ಟಿದ್ದು 1891ರಲ್ಲಿ. ಒಂದೇ ಸಮುದಾಯ, ಒಂದೇ ಸಂಸ್ಥಾನ. ಒಬ್ಬರು ಸಂಸ್ಥಾನದ ದೊಡ್ಡ ಅಧಿಕಾರಿ, ಸಾಹಿತ್ಯ ಪರಿಷತ್ತು, ಗೆಳೆಯರ ಬಳಗ, ಪತ್ರಿಕೆ ಎಲ್ಲಾ ಇದ್ದವರು. ಇನ್ನೊಬ್ಬರಿಗೆ ನಂಜನಗೂಡಿನ ಮನೆ. ವಿಮರ್ಶೆ ಮಾಡೋದು ತಪ್ಪಲ್ಲ. ಮಾಸ್ತಿಯವರು ಗಂಡಸರು ಬರೆದದ್ದನ್ನೂ ವಿಮರ್ಶೆ ಮಾಡಿದ್ದಾರೆ. ಗಂಡಸು ಲೇಖಕ ಬೈಸಿಕೊಂಡರೆ ಸಂಜೆ ಗೆಳೆಯರ ಜೊತೆ ಕಾಫಿ ಕುಡಿದು, ಆ ವಿಮರ್ಶಕನನ್ನ ನಾಲ್ಕು ಮಾತು ಬೈದು, ಮುಂದಿನ ಪುಸ್ತಕ ಶುರು ಮಾಡುತ್ತಿದ್ದ. ಆ ಕಾಫಿ ಕುಡಿಯುವ ಜಾಗ ಈಕೆಗೆ ಇರಲಿಲ್ಲ.

ಇದರಲ್ಲಿ ಮಾಸ್ತಿಯವರನ್ನ ಖಳನಾಯಕ ಮಾಡಬೇಕಾಗಿಲ್ಲ. ಕಾಲವೂ ಬದಲಾಗಿತ್ತು. 1920ರ ನಂತರ ಕನ್ನಡದಲ್ಲಿ ಸಣ್ಣಕತೆ, ಭಾವಗೀತೆ, ಆಡುಮಾತಿನ ಹತ್ತಿರದ ಗದ್ಯ ಬಂತು. ಗ್ರಾಂಥಿಕ ಉಪದೇಶದ ಕಾದಂಬರಿ ಹಳೆಯದಾಯಿತು. ಮುಂದೆ ಕೊಡಗಿನ ಗೌರಮ್ಮ ಅಂಥವರು ಬಂದು ವಿಧವೆಯ ಬದುಕನ್ನೇ ಬೇರೆ ಥರ, ಎದೆಗೆ ತಾಕುವ ಹಾಗೆ ಬರೆದರು. ದಾರಿ ಕಡಿದವರು ಹಿಂದೆ ಉಳಿದರು.

ತಿರುಮಲಾಂಬ ಕೊನೆಗಾಲವನ್ನ ಮದ್ರಾಸಿನಲ್ಲಿ ಕಳೆದರು. ಕನ್ನಡದವರು ಅವರನ್ನ ಎಷ್ಟು ಮರೆತಿದ್ದರು ಅಂದ್ರೆ, ಬದುಕಿದ್ದಾರೆ ಅನ್ನೋದೇ ಬಹಳ ಜನಕ್ಕೆ ಗೊತ್ತಿರಲಿಲ್ಲ. ಬೆಂಗಳೂರಿನ ಎನ್.ಎಂ.ಕೆ.ಆರ್.ವಿ. ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದ ಚಿ.ನ. ಮಂಗಳಾ ಅವರು ಹುಡುಕಿಕೊಂಡು ಹೋಗಿ, ಭೇಟಿ ಮಾಡಿ, ಅವರ ಬಗ್ಗೆ ಬರೆದರು. ಆ ಕಾಲೇಜಿನ ‘ಶಾಶ್ವತಿ’ ಸಂಸ್ಥೆ ಲೇಖಕಿಯರಿಗೆ ತಿರುಮಲಾಂಬ ಹೆಸರಿನಲ್ಲಿ ಪ್ರಶಸ್ತಿಯನ್ನೂ ಇಟ್ಟಿತು. ಆಮೇಲೆ 1991ರಲ್ಲಿ ಸೂಸಿ ತಾರು ಮತ್ತು ಕೆ. ಲಲಿತಾ ಸಂಪಾದಿಸಿದ ‘ವುಮೆನ್ ರೈಟಿಂಗ್ ಇನ್ ಇಂಡಿಯಾ’ ಅನ್ನೋ ದೊಡ್ಡ ಇಂಗ್ಲಿಷ್ ಸಂಕಲನದಲ್ಲಿ ಅವರ ‘ನಭಾ’ದ ಒಂದು ಭಾಗ ಬಂತು. ಅಮೆರಿಕಾದ ವಿಶ್ವವಿದ್ಯಾಲಯದಲ್ಲಿ ಕೂತ ಹುಡುಗಿಯೊಬ್ಬಳು ನಂಜನಗೂಡಿನ ತಿರುಮಲಾಂಬನ ಓದಬಹುದು. ಪಿರಿಯಾಪಟ್ಟಣ ತಾಲ್ಲೂಕಿನ ಹುಡುಗಿಗೆ ಒಂದು ಸಾಲಿನ ಉತ್ತರ ಮಾತ್ರ.

ಇದೆಲ್ಲಾ ಈಗ ಯಾಕೆ?

ಹೊಗೆಸೊಪ್ಪಿನ ಸೀಸನ್ ಬಂತು ಅಂದ್ರೆ ನಮ್ಮ ಕಡೆ ಎಷ್ಟೋ ಹೆಣ್ಣುಮಕ್ಕಳ ಹಾಜರಿ ಕಮ್ಮಿ ಆಗುತ್ತೆ. ಎಲೆ ಪೋಣಿಸೋಕೆ, ತಮ್ಮನನ್ನ ನೋಡ್ಕೊಳ್ಳೋಕೆ. ಎಸ್ಸೆಸ್ಸೆಲ್ಸಿ ಆದ ಮೇಲೆ ‘ಒಳ್ಳೆ ಕಡೆಯಿಂದ ಸಂಬಂಧ ಬಂದಿದೆ’ ಅನ್ನೋ ಮಾತು ಶುರು. ವಯಸ್ಸು ಹದಿನಾರೋ ಹದಿನೇಳೋ. ‘ಇನ್ನೊಂದು ವರ್ಷ ತಾನೆ, ಏನಾಗುತ್ತೆ ಬಿಡಿ’ ಅಂತ ಹಿರಿಯರು ಹೇಳೋದನ್ನ ನಾನೇ ಕೇಳಿದ್ದೀನಿ. ಒಂದು ಮಾಹಿತಿ ಇರಲಿ: 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ಸ್ವಂತ ತಿದ್ದುಪಡಿ ಮಾಡಿಕೊಂಡಿದೆ. ಅದರ ಪ್ರಕಾರ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಆದರೆ ಅದು ಮೊದಲಿಂದಲೇ ಅಸಿಂಧು, ಮದುವೆಯೇ ಅಲ್ಲ. ಬೇರೆ ಕೆಲವು ರಾಜ್ಯಗಳ ಹಾಗೆ ಕೋರ್ಟಿಗೆ ಹೋಗಿ ರದ್ದು ಮಾಡಿಸಬೇಕು ಅಂತಿಲ್ಲ. ಮಾಡಿಸಿದವರು, ಪೌರೋಹಿತ್ಯ ಮಾಡಿದವರು, ಛತ್ರ ಕೊಟ್ಟವರು ಎಲ್ಲರ ಮೇಲೂ ಕೇಸು ಬರುತ್ತೆ. ದೂರು ಕೊಡೋಕೆ ಮಕ್ಕಳ ಸಹಾಯವಾಣಿ 1098, ಕರೆ ಉಚಿತ, ಹೆಸರು ಹೇಳಬೇಕಾಗಿಲ್ಲ.

ಇನ್ನು ಪುಸ್ತಕಗಳ ವಿಷಯ. ‘ಸುಶೀಲೆ’ ಬಂದು 110 ವರ್ಷ ದಾಟಿದೆ, ಯಾರು ಬೇಕಾದರೂ ಅಚ್ಚು ಹಾಕಬಹುದಲ್ವಾ ಅಂತ ಕೇಳಬಹುದು. ಹಾಗಿಲ್ಲ. ನಮ್ಮ ದೇಶದಲ್ಲಿ ಕೃತಿಸ್ವಾಮ್ಯ ಲೇಖಕರು ಸತ್ತ ಮೇಲೆ 60 ವರ್ಷ ಇರುತ್ತೆ, ಅದೂ ಸತ್ತ ಮರುವರ್ಷದಿಂದ ಎಣಿಕೆ. ತಿರುಮಲಾಂಬ ತೀರಿಕೊಂಡಿದ್ದು 1982. ಅಂದರೆ 2042ರ ಕೊನೆಯವರೆಗೂ ಹಕ್ಕು ವಾರಸುದಾರರದ್ದೇ. ಅಲ್ಲೀವರೆಗೆ ಯಾರಾದರೂ ಪ್ರಕಾಶಕರು ಅನುಮತಿ ಪಡೆದು ಮರುಮುದ್ರಣ ಮಾಡಬೇಕು, ಇಲ್ಲ ಅಂದ್ರೆ ಹಳೇ ಪ್ರತಿಗಳನ್ನೇ ಹುಡುಕಬೇಕು.

ಹಳೇ ಪ್ರತಿ ಎಲ್ಲಿರುತ್ತೆ? ಮೊದಲು ದೊಡ್ಡ ಗ್ರಂಥಾಲಯಗಳಲ್ಲಿ ಕೇಳಿ ನೋಡಿ. ಅದು ಬಿಟ್ಟರೆ ಅಟ್ಟದ ಮೇಲೆ, ಹಳೇ ಟ್ರಂಕಿನಲ್ಲಿ, ಶಾನುಭೋಗರ ಮನೆ, ಮೇಷ್ಟ್ರ ಮನೆಗಳ ಬೀರುವಿನಲ್ಲಿ. ರಾವಂದೂರು, ಬೆಟ್ಟದಪುರ, ಸಾಲಿಗ್ರಾಮ, ಹುಣಸೂರು ಕಡೆ ಹಳೇ ಮನೆ ಕೆಡವುತ್ತಿರುವವರು ಗಮನಿಸಿ: ಕಾಗದ ಹಳದಿಯಾಗಿ, ಅಂಚು ಪುಡಿಯಾಗಿ, ಮುಖಪುಟದಲ್ಲಿ ‘ಸತಿಹಿತೈಷಿಣಿ ಗ್ರಂಥಮಾಲೆ’ ಅಂತಲೋ ‘ಕರ್ನಾಟಕ ನಂದಿನಿ’ ಅಂತಲೋ ಇರುವ ಪುಸ್ತಕ ಸಿಕ್ಕರೆ ಗುಜರಿಯವರಿಗೆ ತೂಕಕ್ಕೆ ಹಾಕಬೇಡಿ. ಬಿಸಿಲಿಗೂ ಇಡಬೇಡಿ, ಪುಟ ಮಡಚಬೇಡಿ, ಹರಿದಿದ್ದರೆ ಗಮ್ ಟೇಪ್ ಹಾಕಬೇಡಿ. ಮುಖಪುಟದ ಒಂದು ಫೋಟೋ ತೆಗೆದು ನಮಗೆ ಕಳಿಸಿ. ಮನೆಯವರ ಒಪ್ಪಿಗೆ ಇದ್ದರೆ ನಾವೇ ಬಂದು ನೋಡ್ತೀವಿ.